ಆದೇಶ ಬಂದ ಮೇಲೆ ಶುರುವಾಗುವ ಕೆಲಸ

ನಮಗೆ ಫೋನ್ ಮಾಡುವವರಲ್ಲಿ ಜಾಸ್ತಿ ಜನ ಕೇಳುವುದು ಒಂದೇ: ‘ಚಿಕ್ಕ ಪಾಪು ಸಿಗುತ್ತಾ ಮೇಡಂ?’ ಸಿಗಲ್ಲ. ಅದು ದತ್ತು, ಅದರ ದಾರಿಯೇ ಬೇರೆ. ನಾನು ಮಾಡುವುದು ಫಾಸ್ಟರ್ ಕೇರ್, ಅಂದರೆ ಪೋಷಕತ್ವದ ಕೆಲಸ. ಹೆತ್ತವರಿದ್ದೂ ಸಾಕಲಾಗದ ಅಥವಾ ಯಾರೂ ಇಲ್ಲದೆ ಬಾಲಮಂದಿರದಲ್ಲಿ ಬೆಳೆಯುತ್ತಿರುವ, ಆರು ವರ್ಷ ದಾಟಿದ ಮಕ್ಕಳಿಗೆ ಒಂದು ಮನೆ ನೋಡಿಕೊಡುವುದು. ನಾನು ಒಂದು ಸ್ವಯಂಸೇವಾ ಸಂಸ್ಥೆಯವಳು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಸೇರಿ ಶಿವಮೊಗ್ಗ ಜಿಲ್ಲೆಯಲ್ಲಿ ಓಡಾಡುತ್ತೇನೆ. ಆಧಾರ 2015ರ ಬಾಲನ್ಯಾಯ ಕಾಯ್ದೆ. ಮಗುವನ್ನು ಒಂದು ಮನೆಗೆ ಕಳಿಸುವ ಆದೇಶ ಕೊಡುವುದು ಮಕ್ಕಳ ಕಲ್ಯಾಣ ಸಮಿತಿ. 2024ರ ಮಾರ್ಗಸೂಚಿ ಬಂದ ಮೇಲೆ ಮದುವೆಯಾಗದವರು, ವಿಧವೆಯರು, ವಿಚ್ಛೇದನ ಆದವರು ಕೂಡ ಅರ್ಜಿ ಹಾಕಬಹುದು. ಒಂಟಿ ಗಂಡಸಿಗೆ ಮಾತ್ರ ಗಂಡುಮಗುವನ್ನಷ್ಟೇ ಕೊಡುತ್ತಾರೆ.

ಇನ್ನೊಂದು ಥರದ ಫೋನ್ ಬರುತ್ತದೆ. ‘ಹುಡುಗಿಗೆ ಎಷ್ಟು ವಯಸ್ಸು? ಮನೆಕೆಲಸ ಗೊತ್ತಾ?’ ಅಡಿಕೆ ಕೊಯ್ಲು ಹತ್ತಿರ ಬಂದಾಗ ಇದು ಜಾಸ್ತಿ. ಅಲ್ಲಿಗೇ ಮಾತು ಮುಗಿಸುತ್ತೇನೆ. ಮನೆ ನೋಡಲು ನಾನು ಬೇಕಂತಲೇ ಕೊಯ್ಲಿನ ಹೊತ್ತಲ್ಲಿ ಹೋಗುವುದೂ ಇದಕ್ಕೇ. ಅಂಗಳದಲ್ಲಿ ಅಡಿಕೆ ರಾಶಿ ಬಿದ್ದಿರುವಾಗ ಅವರ ಸ್ವಂತ ಮಕ್ಕಳು ಪುಸ್ತಕದ ಮುಂದಿದ್ದಾರೋ ಮೆಟ್ಟುಗತ್ತಿಯ ಮುಂದಿದ್ದಾರೋ ಗೊತ್ತಾಗುತ್ತದೆ. ಬಚ್ಚಲಿಗೆ ಒಳಗಿನಿಂದ ಚಿಲಕ ಇದೆಯಾ, ಬಾವಿಗೆ ಕಟ್ಟೆ ಇದೆಯಾ, ಮಗು ಮಲಗುವುದೆಲ್ಲಿ, ಸಂಜೆ ಯಾರ್ಯಾರು ಬಂದು ಕೂರುತ್ತಾರೆ, ಎಲ್ಲ ನೋಡುತ್ತೇನೆ. ಮಲೆನಾಡಿನ ಒಂಟಿ ಮನೆಗಳಲ್ಲಿ ಕೂಗಿದರೆ ಪಕ್ಕದ ಮನೆಗೆ ಕೇಳಲ್ಲ. ಹಾಗಾಗಿ ಈ ಪ್ರಶ್ನೆಗಳಿಗೆ ಮುಜುಗರ ಪಟ್ಟುಕೊಂಡು ಕೂರುವಂತಿಲ್ಲ.

ಇಷ್ಟೆಲ್ಲ ಆಗಿ ಆದೇಶ ಕೈಗೆ ಬಂದರೆ ಎಲ್ಲರೂ ಉಸ್ಸಪ್ಪಾ ಅನ್ನುತ್ತಾರೆ. ಮಗುವನ್ನು ಕರೆದುಕೊಂಡ ಪೋಷಕ ಕುಟುಂಬ ಒಂಟಿಯಾಗುವುದು ಆಗಲೇ.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಮನೆಯ ವಿಷಯ ಹೇಳುತ್ತೇನೆ. ಮಕ್ಕಳ ಗುರುತು ಹೊರಗೆ ಬರಬಾರದು, ಕಾನೂನೂ ಅದನ್ನೇ ಹೇಳುತ್ತದೆ, ಹಾಗಾಗಿ ಕೆಲವು ವಿವರ ಬದಲಿಸಿದ್ದೇನೆ. ಅಕ್ಕ, ತಮ್ಮ ಇಬ್ಬರು. ಅಪ್ಪ ಬಿಟ್ಟುಹೋಗಿದ್ದ, ಅಮ್ಮ ಕಾಯಿಲೆಯಿಂದ ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದಳು. ಒಡಹುಟ್ಟಿದವರನ್ನು ಆದಷ್ಟು ಒಟ್ಟಿಗೇ ಇಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆದರೆ ಇಬ್ಬರನ್ನೂ ಕರೆದುಕೊಳ್ಳುವ ಮನೆ ಸಿಗುವುದು ಕಷ್ಟ. ಈ ದಂಪತಿ ಒಪ್ಪಿದರು. ಮಕ್ಕಳು ಅವರನ್ನು ದೊಡ್ಡಮ್ಮ, ದೊಡ್ಡಪ್ಪ ಅಂದರು. ‘ಅಮ್ಮ ಅನ್ನು’ ಅಂತ ಯಾರೂ ಹೇಳಿಕೊಡಲಿಲ್ಲ, ಅದು ನನಗೆ ಇಷ್ಟವಾಯಿತು.

ಒಂದು ರಾತ್ರಿ ದೊಡ್ಡಮ್ಮನ ಫೋನ್. ಹುಡುಗನ ಹಾಸಿಗೆಗೆ ಇರುವೆ ಸಾಲು ಹತ್ತಿತ್ತು. ದಿಂಬು ಎತ್ತಿ ನೋಡಿದರೆ ಕೆಳಗೆ ಮಡಚಿಟ್ಟ ಎರಡು ದೋಸೆ, ಒಂದು ತುಂಡು ಬೆಲ್ಲ. ‘ನಾವು ಹೊಟ್ಟೆಗೆ ಸರಿಯಾಗಿ ಹಾಕಲ್ಲ ಅಂತ ಯಾರಾದ್ರೂ ಅಂದ್ಕೊಂಡ್ರೆ?’ ಅಂತ ಆಕೆ ಅಳುತ್ತಿದ್ದರು. ಹಸಿವು ಕಂಡ ಮಕ್ಕಳು ಹೀಗೆ ಮಾಡುತ್ತವೆ, ಇದು ನಿಮ್ಮ ಊಟದ ಮೇಲಿನ ದೂರಲ್ಲ ಅಂದೆ. ಬೈಯಬೇಡಿ, ಬಚ್ಚಿಟ್ಟಿದ್ದನ್ನು ಎಲ್ಲರ ಮುಂದೆ ತೆಗೆಯಬೇಡಿ. ಅವನ ಕೈಗೆಟಕುವ ಕಡೆ ಅವನದ್ದೇ ಒಂದು ಡಬ್ಬಿ ಇಡಿ. ಚಕ್ಕುಲಿ, ಹುರಿದ ಅವಲಕ್ಕಿ, ಏನಾದರೂ ಸರಿ, ಖಾಲಿ ಮಾತ್ರ ಆಗಬಾರದು. ಮೊದಮೊದಲು ಅವನು ಶಾಲೆಯಿಂದ ಬಂದ ಕೂಡಲೇ ಮುಚ್ಚಳ ತೆಗೆದು ನೋಡುತ್ತಿದ್ದನಂತೆ. ತಿನ್ನುತ್ತಿರಲಿಲ್ಲ, ಸುಮ್ನೆ ನೋಡಿ ಮುಚ್ಚುತ್ತಿದ್ದ. ನಿಧಾನವಾಗಿ ಅದೂ ನಿಂತಿತು.

ಆ ಫೋನನ್ನು ಯಾರೂ ಎತ್ತದಿದ್ದರೆ ‘ಈ ಮಗು ನಮ್ಮಿಂದಾಗಲ್ಲ’ ಅನ್ನುವ ಮಾತು ಬರಲು ಹೆಚ್ಚು ದಿನ ಬೇಕಿಲ್ಲ. ತಿಂಗಳಿಗೊಮ್ಮೆ ಪೋಷಕ ಕುಟುಂಬದ ತಪಾಸಣೆ ಆಗಬೇಕು ಅಂತ ಕಾಯ್ದೆ ಹೇಳುತ್ತದೆ. ಆಗಲೇಬೇಕು. ಆದರೆ ತಪಾಸಣೆಗೆ ಬಂದವರ ಮುಂದೆ ಯಾರೂ ದಿಂಬು ಎತ್ತಿ ತೋರಿಸಲ್ಲ, ಅಲ್ವಾ?

ಇನ್ನು ದುಡ್ಡು. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಲ್ಲಿ ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಇದು ಮಗುವಿನ ಆಧಾರ್ ಜೋಡಣೆಯಾದ ಖಾತೆಗೇ ಬರಬೇಕು. ಹುಡುಗಿಯ ಹೆಸರಿನ ಇನಿಷಿಯಲ್ ಆಧಾರ್‌ನಲ್ಲಿ ಒಂದು ಥರ, ಶಾಲೆ ದಾಖಲೆಯಲ್ಲಿ ಇನ್ನೊಂದು ಥರ. ಬ್ಯಾಂಕಿನವರು ಶಾಲೆಗೆ ಹೋಗಿ ಅಂದರು, ಶಾಲೆಯವರು ಆಧಾರ್ ಕೇಂದ್ರಕ್ಕೆ ಹೋಗಿ ಅಂದರು, ಅಲ್ಲಿ ಜನನ ಪ್ರಮಾಣಪತ್ರ ಕೇಳಿದರು. ಅದು ತಾಯಿಯ ಹಳೇ ಬಾಡಿಗೆ ಮನೆಯಲ್ಲೇ ಉಳಿದಿತ್ತು. ಒಬ್ಬೊಬ್ಬರೂ ಅವರವರ ಮಟ್ಟಿಗೆ ಸರಿಯೇ. ಹಣ ಮಾತ್ರ ಬರಲಿಲ್ಲ.

ಆಮೇಲೆ ನಾವು ತಾಲ್ಲೂಕು ಮಟ್ಟದಲ್ಲಿ ಒಂದು ಬೈಠಕ್ ಶುರುಮಾಡಿದೆವು. ಹೆಡ್‌ಮಾಸ್ಟರು, ಅಂಗನವಾಡಿ ಮೇಲ್ವಿಚಾರಕಿ, ಆಶಾ ಕಾರ್ಯಕರ್ತೆ, ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ, ಮಕ್ಕಳ ರಕ್ಷಣಾ ಘಟಕದವರು, ಎಲ್ಲ ಒಂದೇ ಮೇಜಿನ ಸುತ್ತ. ಮೊದಲ ಸಲ ಭಾಷಣ ಜೋರಾಗಿತ್ತು, ಕೆಲಸ ಆಗಲಿಲ್ಲ. ‘ಸಮನ್ವಯ ಬೇಕು’ ಅಂತ ಎಲ್ಲರೂ ಹೇಳಿ ಚಾ ಕುಡಿದು ಹೋದರು. ಮುಂದಿನ ಸಲ ನಾನು ಒಂದೊಂದು ಮಗುವಿಗೆ ಒಂದೊಂದು ಹಾಳೆ ಒಯ್ದೆ. ಹಾಳೆಯಲ್ಲಿ ಮೂರೇ ಅಂಕಣ: ಏನು ಆಗಬೇಕು, ಯಾರು ಮಾಡಬೇಕು, ಯಾವತ್ತಿನೊಳಗೆ. ‘ಯಾರು’ ಅನ್ನುವಲ್ಲಿ ಇಲಾಖೆಯ ಹೆಸರು ಬರೆಯುವಂತಿಲ್ಲ, ಮನುಷ್ಯರ ಹೆಸರೇ ಬರೆಯಬೇಕು. ಹುಡುಗಿಯ ಇನಿಷಿಯಲ್ ಸರಿಹೋದದ್ದು ಹೆಡ್‌ಮಾಸ್ಟರು ತಮ್ಮ ಹೆಸರನ್ನು ತಾವೇ ಬರೆದುಕೊಂಡ ಮೇಲೆ. ಆ ಹಾಳೆಯ ಒಂದು ಪ್ರತಿ ಪೋಷಕರ ಹತ್ತಿರವೂ ಇರುತ್ತದೆ. ಅವರೇ ಫೋನ್ ಮಾಡಿ ಕೇಳುತ್ತಾರೆ, ನಾನು ನೆನಪಿಸುವ ಅಗತ್ಯವೇ ಬರಲ್ಲ.

ಮಳೆಗಾಲಕ್ಕೆ ಬೇರೆಯದೇ ಲೆಕ್ಕ. ಜುಲೈಯಲ್ಲಿ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ, ಮರ ಬಿದ್ದು ರಸ್ತೆ ಬಂದ್. ಶಿವಮೊಗ್ಗದಿಂದ ಹೊರಟರೂ ಮನೆ ಮುಟ್ಟುವ ಗ್ಯಾರಂಟಿ ಇಲ್ಲ. ಹಾಗಾಗಿ ಪ್ರತಿ ಮಗುವಿಗೂ ಊರಲ್ಲೇ ಒಬ್ಬರನ್ನು ಗೊತ್ತುಮಾಡಿದ್ದೇವೆ, ಹೆಚ್ಚಾಗಿ ಟೀಚರ್ ಅಥವಾ ಆಶಾ. ನೆಟ್‌ವರ್ಕ್ ಸಿಕ್ಕಾಗ ಅವರ ಫೋನಿನಿಂದ ಮಗು ನನ್ನ ಜೊತೆ ಒಂಟಿಯಾಗಿ ಮಾತಾಡುತ್ತದೆ. ಮನೆಯವರ ಎದುರು ಕೇಳಿದರೆ ಎಲ್ಲ ಮಕ್ಕಳೂ ‘ಚೆನ್ನಾಗಿದೀನಿ’ ಅನ್ನುತ್ತವೆ.

ಜಗಳ ಬರುವುದು ಅಮ್ಮನ ಭೇಟಿಯ ವಿಷಯಕ್ಕೆ. ಭೇಟಿ ಮುಗಿಸಿ ಬಂದ ರಾತ್ರಿಯೆಲ್ಲ ಹುಡುಗ ಹಾಸಿಗೆ ಒದ್ದೆ ಮಾಡುತ್ತಿದ್ದ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವ ಪಾಡು ಮಲೆನಾಡಿನವರಿಗೆ ಗೊತ್ತೇ ಇದೆ. ಬಚ್ಚಲೊಲೆಯ ಪಕ್ಕ ಹಗ್ಗ ಕಟ್ಟಿ ಕಂಬಳಿ ಒಣಗಿಸಿ ದೊಡ್ಡಮ್ಮ ಸುಸ್ತಾಗಿದ್ದರು. ‘ಅವಳನ್ನ ನೋಡಿದ್ರೇ ಹಿಂಗಾಗೋದು, ಕೊಂಚ ದಿನ ಬೇಡ’ ಅಂದರು. ನಾನು ಒಪ್ಪಲಿಲ್ಲ. ಮಗುವಿಗೆ ತೊಂದರೆ ಇಲ್ಲದಿದ್ದರೆ ಹೆತ್ತವರು ನೋಡಬಹುದು, ಅದು ಕಾಯ್ದೆಯಲ್ಲೇ ಇದೆ. ಅದಕ್ಕಿಂತ ಮುಖ್ಯ, ಭೇಟಿ ನಿಲ್ಲಿಸಿದರೆ ಅಮ್ಮ ಸತ್ತಳು ಅಂತ ಅವನು ಅಂದುಕೊಳ್ಳುವ ಸಂಭವವೇ ಜಾಸ್ತಿ. ಭೇಟಿಯನ್ನು ಶನಿವಾರಕ್ಕೆ ಬದಲಿಸಿದೆವು, ಮರುದಿನ ಶಾಲೆ ಇರಲ್ಲ. ರಬ್ಬರ್ ಶೀಟ್ ಕೊಡಿಸಿದೆವು. ಹೊರಡುವ ಮೊದಲೇ ಮುಂದಿನ ಭೇಟಿಯ ದಿನವನ್ನು ಅಮ್ಮನೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಡುವ ಹಾಗೆ ಮಾಡಿದೆವು. ಪೂರ್ತಿ ನಿಂತಿಲ್ಲ, ಕಡಿಮೆಯಾಗಿದೆ.

ಈಗ ಅಮ್ಮ ಸುಧಾರಿಸಿದ್ದಾಳೆ. ದಸರಾ ರಜೆಯಲ್ಲಿ ಮಕ್ಕಳು ಅವಳ ಜೊತೆ ಇದ್ದು ಬರಲು ಸಮಿತಿಯ ಅನುಮತಿ ಕೇಳಿದ್ದೇವೆ. ಈ ಕೆಲಸದಲ್ಲಿರುವವರು ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಮಕ್ಕಳು ತಾಯಿಯ ಹತ್ತಿರ ಹೋದ ದಿನ ಪೋಷಕತ್ವದ ಹಣ ನಿಲ್ಲುತ್ತದೆ. ತಾಯಿಗೆ ಬೇಕಾದದ್ದು ಪ್ರಾಯೋಜಕತ್ವ, ಅಂದರೆ ಸ್ವಂತ ಮನೆಯಲ್ಲೇ ಬೆಳೆಯುವ ಮಗುವಿಗೆ ಸಿಗುವ ನೆರವು. ಮೊತ್ತ ಅಷ್ಟೇ, ಅರ್ಜಿ ಬೇರೆ, ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ರೂಪಾಯಿ ಮೀರಿರಬಾರದು. ಮಕ್ಕಳನ್ನು ಕಳಿಸಿದ ಮೇಲೆ ಅರ್ಜಿ ಹಾಕಿದರೆ ನಡುವೆ ತಿಂಗಳುಗಟ್ಟಲೆ ಆ ಮನೆಗೆ ಏನೂ ಬರಲ್ಲ. ಹಾಗಾಗಿ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಹಾಕಿಸಿದ್ದೇನೆ.