ಕಿನ್ಶಾಸಾಕ್ಕೆ ಹೊರಡುವ ಮುನ್ನ: ಕನ್ನಡದ ಮೂಲಕ ಲಿಂಗಾಲ ಕಲಿತ ನನ್ನ ಅನುಭವ

ಆಸ್ಪತ್ರೆಗಳಲ್ಲಿ ಎಕ್ಸ್-ರೇ ಯಂತ್ರಗಳನ್ನು ಅಳವಡಿಸಿ, ಅವುಗಳನ್ನು ನಡೆಸುವವರಿಗೆ ತರಬೇತಿ ಕೊಡುವುದು ನನ್ನ ವೃತ್ತಿ. ಮೂರು ವಾರಗಳ ಕೆಲಸಕ್ಕಾಗಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ರಾಜಧಾನಿ ಕಿನ್ಶಾಸಾಕ್ಕೆ ಹೋಗಬೇಕೆಂದು ತಿಳಿದಾಗ ನನ್ನ ಕೈಯಲ್ಲಿದ್ದುದು ಆರು ವಾರಗಳು. ಅಲ್ಲಿನ ಆಡಳಿತ ಭಾಷೆ ಫ್ರೆಂಚ್. ಆದರೆ ಯಂತ್ರದ ಪೆಟ್ಟಿಗೆಗಳನ್ನು ಇಳಿಸುವವರು, ಗೇಟಿನ ಕಾವಲುಗಾರರು, ಅಡುಗೆಯವರು ಮತ್ತು ಮೋಟಾರ್‌ಸೈಕಲ್ ಟ್ಯಾಕ್ಸಿಯವರು ತಮ್ಮತಮ್ಮಲ್ಲಿ ಆಡುವುದು ಲಿಂಗಾಲವನ್ನು. ನನ್ನ ದಿನದ ಹೆಚ್ಚಿನ ಹೊತ್ತು ಅವರೊಂದಿಗೇ ಕಳೆಯುವುದರಿಂದ ಲಿಂಗಾಲವನ್ನೇ ಕಲಿಯಲು ನಿರ್ಧರಿಸಿದೆ.

ಆ ದೇಶದಲ್ಲಿ ಫ್ರೆಂಚ್ ಜೊತೆಗೆ ಕಿಕೊಂಗೊ, ಲಿಂಗಾಲ, ಸ್ವಾಹಿಲಿ ಮತ್ತು ಚಿಲುಬಾ ಎಂಬ ನಾಲ್ಕು ರಾಷ್ಟ್ರೀಯ ಭಾಷೆಗಳಿವೆ. ಪೂರ್ವದ ಗೋಮಾಕ್ಕೋ ದಕ್ಷಿಣದ ಲುಬುಂಬಾಶಿಗೋ ಹೋಗುವವರು ಸ್ವಾಹಿಲಿಯನ್ನು ಕಲಿಯುವುದು ಒಳ್ಳೆಯದು. ಕಾಂಗೊ ನದಿಯ ವ್ಯಾಪಾರಿಗಳ ಬೊಬಾಂಗಿ ನುಡಿಯಿಂದ ಬೆಳೆದು, ಸೈನ್ಯ, ಮಿಷನರಿ ಶಾಲೆ ಮತ್ತು ಸಂಗೀತದ ಮೂಲಕ ಹರಡಿದ ಲಿಂಗಾಲವು ಕಿನ್ಶಾಸಾದಲ್ಲಿಯೂ ನದಿಯ ಆಚೆ ದಡದ ಬ್ರಾಜಾವಿಲ್‌ನಲ್ಲಿಯೂ ಬೀದಿಯ ಮಾತಾಗಿದೆ.

ಮೊದಲ ಎರಡು ವಾರಗಳನ್ನು ನಾನು ಬಹುಮಟ್ಟಿಗೆ ವ್ಯರ್ಥ ಮಾಡಿದೆ. ಇಂಗ್ಲಿಷ್‌ನಲ್ಲಿ ಅರ್ಥ ಬರೆದಿದ್ದ ನೂರಿಪ್ಪತ್ತು ವಾಕ್ಯಗಳ ಪಟ್ಟಿಯೊಂದನ್ನು ಬಾಯಿಪಾಠ ಮಾಡಲು ಹೊರಟೆ. ರೋಮನ್ ಅಕ್ಷರಗಳನ್ನು ನೋಡಿ ಓದುವಾಗ ನಾಲಗೆ ತಾನಾಗಿಯೇ ಇಂಗ್ಲಿಷ್ ಉಚ್ಚಾರಕ್ಕೆ ಹೊರಳುತ್ತಿತ್ತು. ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ 1960ರ ದಶಕದಲ್ಲಿ ಸಿದ್ಧಪಡಿಸಿದ, ಈಗ ಉಚಿತವಾಗಿ ದೊರೆಯುವ ಪಾಠಗಳ ಧ್ವನಿಮುದ್ರಣ ಕೇಳಿದಾಗ ನಾನು ಕಲಿತ ವಾಕ್ಯವನ್ನೇ ನಾನು ಗುರುತಿಸಲಾರದೆ ಹೋದೆ. ಆಗ ಹೊಸ ನೋಟ್‌ಬುಕ್ ತೆರೆದು, ಕಿವಿಗೆ ಬಿದ್ದದ್ದನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳತೊಡಗಿದೆ. ಅಲ್ಲಿಂದ ಕಲಿಕೆ ನಿಜವಾಗಿ ಆರಂಭವಾಯಿತು.

ಲಿಂಗಾಲದ ಪದಗಳು ಕನ್ನಡದ ಪದಗಳಂತೆಯೇ ಸ್ವರದಲ್ಲಿ ಮುಗಿಯುತ್ತವೆ. ಫ್ರೆಂಚ್‌ನಿಂದ ಬಂದ ಆಸ್ಪತ್ರೆಯ ಪದವೂ ಅಲ್ಲಿ ‘ಲೊಪಿತಾಲೊ’ ಎಂದಾಗಿದೆ. ಬಸ್ಸನ್ನು ಬಸ್ಸು ಮಾಡಿಕೊಂಡ ನಮಗೆ ಇದು ಪರಿಚಿತ ದಾರಿ. ಅವರ ‘ತ’ ನಮ್ಮ ತಕಾರಕ್ಕೆ ಹತ್ತಿರ, ಟಕಾರಕ್ಕಲ್ಲ. ತೊಡಕಾದದ್ದು ಪದದ ಮೊದಲಲ್ಲಿ ಬರುವ ಅನುನಾಸಿಕ. ನಮಸ್ಕಾರಕ್ಕೆ ಸಮಾನವಾದ ‘ಮ್ಬೋತೆ’ಯನ್ನು ನಾನು ‘ಇಂಬೋತೆ’ ಎನ್ನುತ್ತಿದ್ದೆ. ‘ತುಂಬ’ ಎಂಬ ಪದವನ್ನು ನಿಧಾನವಾಗಿ ಹೇಳುತ್ತ, ಮೊದಲ ‘ತು’ವನ್ನು ಬಾಯಿಯೊಳಗೇ ನುಂಗಿ ಉಳಿದದ್ದನ್ನು ಮಾತ್ರ ಹೊರಗೆ ಬಿಡುವ ಅಭ್ಯಾಸದಿಂದ ಅದು ಸರಿಹೋಯಿತು.

ಕನ್ನಡ ಲಿಪಿಗೆ ಹಿಡಿಯಲಾಗದ್ದು ಸ್ಥಾಯಿ. ಲಿಂಗಾಲದಲ್ಲಿ ಪ್ರತಿ ಅಕ್ಷರಕ್ಕೂ ಏರಿದ ಅಥವಾ ಇಳಿದ ಧ್ವನಿಯಿದ್ದು, ಅದರಿಂದ ಅರ್ಥವೇ ಬದಲಾಗಬಹುದು. ‘ಮೊತೊ’ ಎಂಬುದನ್ನು ಎರಡೂ ಅಕ್ಷರ ತಗ್ಗಿಸಿ ಹೇಳಿದರೆ ಮನುಷ್ಯ. ಎರಡನೆಯದನ್ನು ಏರಿಸಿದರೆ ತಲೆ. ಮೊದಲನೆಯದನ್ನು ಏರಿಸಿ, ಎರಡೂ ಒಕಾರಗಳನ್ನು ಬಾಯಿ ಹೆಚ್ಚು ತೆರೆದು ನುಡಿದರೆ ಬೆಂಕಿ. ಏರುವ ಅಕ್ಷರದ ಮೇಲೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯುವುದನ್ನು ರೂಢಿಸಿಕೊಂಡೆ. ಆದರೆ ಗೆರೆ ನೋಡಿ ಸ್ಥಾಯಿ ಬರುವುದಿಲ್ಲ, ಮನುಷ್ಯನ ಬಾಯಿಂದಲೇ ಕೇಳಬೇಕು. ಬೆಂಗಳೂರಿನ ಹೆಣ್ಣೂರಿನ ಕಡೆ ಓದಲು ಬಂದ ಆಫ್ರಿಕಾದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಅವರಲ್ಲಿ ಕಿನ್ಶಾಸಾದ ಹುಡುಗನೊಬ್ಬ ನಾಲ್ಕು ಭಾನುವಾರ ಗಂಟೆಗಟ್ಟಲೆ ಕುಳಿತು ನನ್ನ ನೋಟ್‌ಬುಕ್ಕನ್ನು ತಿದ್ದಿಕೊಟ್ಟ. ನನಗೆ ದೊರೆತ ಅತ್ಯಂತ ದೊಡ್ಡ ಸಹಾಯ ಅದು.

ವಾಕ್ಯಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಕ್ರಿಯಾಪದದ ಕಟ್ಟನ್ನು ಹಿಡಿಯುವಂತೆ ಮಾಡಿದವನೂ ಅವನೇ. ‘ಹೋಗುತ್ತೇನೆ’ ಎಂದರೆ ‘ನಾನು’ ಎಂದು ಬೇರೆಯಾಗಿ ಹೇಳಬೇಕಾಗಿಲ್ಲ, ಕೊನೆಯ ‘ಏನೆ’ ಅದನ್ನು ಹೇಳುತ್ತದೆ. ಲಿಂಗಾಲದಲ್ಲಿ ಅದೇ ಕೆಲಸ ಪದದ ಮೊದಲಲ್ಲಿ ನಡೆಯುತ್ತದೆ. ‘ನಕೊಕೆಂದೆ’ ಎಂದರೆ ಹೋಗುತ್ತೇನೆ, ‘ಒಕೊಕೆಂದೆ’ ಎಂದರೆ ಹೋಗುತ್ತೀಯ, ‘ಅಕೊಕೆಂದೆ’ ಎಂದರೆ ಹೋಗುತ್ತಾನೆ ಅಥವಾ ಹೋಗುತ್ತಾಳೆ, ‘ತೊಕೊಕೆಂದೆ’ ಎಂದರೆ ಹೋಗುತ್ತೇವೆ. ಗಂಡು ಹೆಣ್ಣಿಗೆ ಬೇರೆ ರೂಪವಿಲ್ಲ. ವಸ್ತುಗಳಿಗೆ ಮಾತ್ರ ‘ಎ’ ಬರುತ್ತದೆ. ನಿಷೇಧವಂತೂ ನಮ್ಮದೇ ರೀತಿಯದು: ಕೊನೆಯಲ್ಲಿ ‘ತೆ’ ಸೇರಿಸಿದರೆ ಸಾಕು. ‘ನಯೆಬಿ’ ಎಂದರೆ ನನಗೆ ಗೊತ್ತು, ‘ನಯೆಬಿ ತೆ’ ಎಂದರೆ ಗೊತ್ತಿಲ್ಲ. ‘ನಲಿಂಗಿ’ ಎಂದರೆ ಬೇಕು, ‘ನಲಿಂಗಿ ತೆ’ ಎಂದರೆ ಬೇಡ. ನಮ್ಮ ‘ಇಲ್ಲ’ದಂತೆ ‘ತೆ’ ಒಂದೇ ನಿಂತು ಉತ್ತರವೂ ಆಗುತ್ತದೆ. ಇಷ್ಟು ಕೈಗೆ ಬಂದ ಮೇಲೆ ನೂರಿಪ್ಪತ್ತು ವಾಕ್ಯಗಳ ಬದಲು ಹದಿನೈದು ಕ್ರಿಯಾಪದಗಳನ್ನು ಕಲಿತೆ, ಬೇಕಾದ ವಾಕ್ಯವನ್ನು ಆ ಹೊತ್ತಿಗೆ ನಾನೇ ಕಟ್ಟಿಕೊಳ್ಳುವಂತಾಯಿತು.

ಪ್ರವಾಸಿ ಪುಸ್ತಿಕೆಗಳಲ್ಲಿ ಪ್ರಶ್ನೆಗಳಿರುತ್ತವೆ, ಉತ್ತರಗಳಿರುವುದಿಲ್ಲ. ‘ಲೊಪಿತಾಲೊ ಎಜಾಲಿ ವಾಪಿ?’, ಅಂದರೆ ಆಸ್ಪತ್ರೆ ಎಲ್ಲಿದೆ ಎಂದು ತಪ್ಪಿಲ್ಲದೆ ಕೇಳಿ, ಬಂದ ಉತ್ತರ ಅರ್ಥವಾಗದೆ ನಿಂತರೆ ಪ್ರಯೋಜನವೇನು? ಆದ್ದರಿಂದ ಪ್ರತಿ ಪ್ರಶ್ನೆಯ ಎದುರು ಬರಬಹುದಾದ ಮೂರು ಉತ್ತರಗಳನ್ನು ಬರೆದುಕೊಂಡೆ. ಲಿಂಗಾಲದಲ್ಲಿ ಬಲಗೈ ‘ಲೊಬೊಕೊ ಯಾ ಮೊಬಾಲಿ’, ಗಂಡಿನ ಕೈ. ಎಡಗೈ ‘ಲೊಬೊಕೊ ಯಾ ಮ್ವಾಸಿ’, ಹೆಣ್ಣಿನ ಕೈ. ದಾರಿ ಕೇಳಿದಾಗ ಇದೇ ಬಲ, ಎಡದ ಸೂಚನೆ. ನೆಟ್ಟಗೆ ಮುಂದೆ ಹೋಗು ಎನ್ನಲು ‘ಕೆಂದೆ ಲಿಬೊಸೊ’. ಜೊತೆಗೆ ‘ಲೊಬಾ ಮಲೆಂಬೆ’, ನಿಧಾನವಾಗಿ ಮಾತಾಡು, ಮತ್ತು ‘ಜೊಂಗೆಲಾ’, ಇನ್ನೊಮ್ಮೆ ಹೇಳು ಎಂಬೆರಡು ಮಾತುಗಳನ್ನು ನಾನು ದಿನಕ್ಕೆ ಹತ್ತಾರು ಸಲ ಬಳಸಿದೆ. ಬರವಣಿಗೆಯ ‘ನಜಾಲಿ’, ‘ಎಜಾಲಿ’ಗಳು ಕಿನ್ಶಾಸಾದ ಮಾತಿನಲ್ಲಿ ‘ನಜಾ’, ‘ಎಜಾ’ ಎಂದು ಮೊಟಕಾಗುವುದನ್ನು ಮೊದಲೇ ತಿಳಿದಿದ್ದರಿಂದ ಕಿವಿ ಗಲಿಬಿಲಿಗೊಳ್ಳಲಿಲ್ಲ.

ಇಂಗ್ಲಿಷ್ ಪಟ್ಟಿ ನನಗೆ ಹೇಳಿಕೊಡದೇ ಇದ್ದ ಬಹು ಮುಖ್ಯ ಸಂಗತಿ ಕರೆಯುವ ರೀತಿ. ಕಿನ್ಶಾಸಾದಲ್ಲಿ ಬರಿಯ ‘ಮ್ಬೋತೆ’ ಬೋಳಾಗಿ ಕೇಳಿಸುತ್ತದೆ; ‘ಮ್ಬೋತೆ, ಮಾಮಾ’, ‘ಮ್ಬೋತೆ, ಪಾಪಾ’ ಎನ್ನಬೇಕು. ಗೌರವ ಇರುವುದು ಆ ಸಂಬಂಧವಾಚಕದಲ್ಲಿ. ನಮ್ಮ ಅಮ್ಮ, ಅಣ್ಣ, ಅಕ್ಕ ಎನ್ನುವ ರೂಢಿಗೆ ಇದು ಎಷ್ಟು ಹತ್ತಿರವೆಂದರೆ ನಾನು ಕಲಿಯುವುದು ಏನೂ ಉಳಿದಿರಲಿಲ್ಲ. ನನಗಿಂತ ಹಿರಿಯರಿಗೆ, ಗಂಡಸಾಗಲಿ ಹೆಂಗಸಾಗಲಿ, ‘ಯಾಯಾ’, ಕಿರಿಯರಿಗೆ ‘ಲೆಕಿ’, ಅಜ್ಜ ಅಜ್ಜಿಯರಿಗೆ ‘ಕೊಕೊ’. ‘ನೊಕೊ’ ಎಂದರೆ ಸೋದರಮಾವ. ಇಂಗ್ಲಿಷ್‌ನ ಅಂಕಲ್ ಮುಚ್ಚಿಬಿಡುವ ಈ ವ್ಯತ್ಯಾಸ ಕನ್ನಡಕ್ಕೂ ಲಿಂಗಾಲಕ್ಕೂ ಮುಖ್ಯವಾದುದು. ಮೊದಲ ದಿನ ಗೇಟಿನ ಹಿರಿಯ ಕಾವಲುಗಾರರಿಗೆ ‘ಮ್ಬೋತೆ, ಪಾಪಾ. ಸಾಂಗೊ ನಿನಿ?’, ಏನು ಸಮಾಚಾರ, ಎಂದೆ. ಅವರು ‘ಮಲಾಮು’ ಎಂದು, ಕುರ್ಚಿ ಎಳೆದು ಕೂರಿಸಿ, ನನ್ನ ಊರು ಯಾವುದೆಂದು ಕೇಳಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ಐದು ನಿಮಿಷ ಅವರ ಬಳಿ ನನ್ನ ಪಾಠ ನಡೆಯಿತು.

ಸಸ್ಯಾಹಾರಿಯಾದ ನನಗೆ ‘ನಲಿಯಾಕ ನ್ಯಾಮಾ ತೆ’, ಮಾಂಸ ತಿನ್ನುವುದಿಲ್ಲ, ಎಂಬ ಮಾತು ಸಾಲಲಿಲ್ಲ. ಮೀನು ‘ಮ್ಬಿಸಿ’; ಅದು ‘ನ್ಯಾಮಾ’ದಲ್ಲಿ ಸೇರಿದೆಯೆಂದು ಎಲ್ಲರೂ ಎಣಿಸುವುದಿಲ್ಲ, ಮತ್ತು ಮರಗೆಣಸಿನ ಎಲೆಯ ‘ಪೊಂಡು’ ಪಲ್ಯಕ್ಕೆ ಮೀನು ಬೀಳುವುದು ಸಾಮಾನ್ಯ. ಬಡಿಸುವ ಮೊದಲೇ ‘ಮ್ಬಿಸಿ ಎಜಾ ನಾ ಕಾತಿ?’, ಒಳಗೆ ಮೀನಿದೆಯೇ, ಎಂದು ಕೇಳುವುದನ್ನು ಎರಡನೆಯ ದಿನವೇ ಕಲಿತೆ. ‘ಲೊಸೊ’ ಎಂಬ ಅನ್ನ, ‘ಮಡೆಸು’ ಎಂಬ ಹುರುಳಿಕಾಯಿ ಜಾತಿಯ ಕಾಳು, ‘ಮಕೆಂಬಾ’ ಎಂಬ ಬಾಳೆ ನನ್ನ ಊಟವಾದವು.

ಸಂಖ್ಯೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ‘ಮೊಕೊ, ಮಿಬಾಲೆ, ಮಿಸಾತೊ’ ಎಂದು ಹತ್ತರವರೆಗೆ ಕಲಿತರೆ ಸಾಕು. ಬೆಲೆಯನ್ನು ‘ನ್ತಾಲೊ ಬೊನಿ?’ ಎಂದು ಲಿಂಗಾಲದಲ್ಲಿ ಕೇಳಿದರೂ ಮೊತ್ತ ಬರುವುದು ಬಹುತೇಕ ಫ್ರೆಂಚ್‌ನಲ್ಲಿ, ಅದೂ ಕಾಂಗೊ ಫ್ರಾಂಕ್‌ನಲ್ಲಿ ಅಥವಾ ಅಮೆರಿಕದ ಡಾಲರ್‌ನಲ್ಲಿ. ಆದ್ದರಿಂದ ಸಂಖ್ಯೆಗಳಿಗೆ ಮೀಸಲಿಟ್ಟ ಸಮಯವನ್ನು ಫ್ರೆಂಚ್‌ಗೆ ಕೊಡುವುದು ಮೇಲು. ‘ಕಿತಿಸಾ ನ್ತಾಲೊ’, ಬೆಲೆ ಇಳಿಸು, ಎಂಬುದನ್ನು ಮಾತ್ರ ಲಿಂಗಾಲದಲ್ಲೇ ಹೇಳಿ.

ನನಗೆ ಕೊನೆಯವರೆಗೂ ಕೊರತೆಯಾಗಿ ಕಾಡಿದ್ದು ಹಿಂದಿನ, ಮುಂದಿನ ಕಾಲವನ್ನು ಹೇಳುವ ಬಗೆ. ‘ಲೊಬಿ’ ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಹಿಂದಿಯ ‘ಕಲ್’ ತಿಳಿದವರಿಗೆ ಇದು ಹೊಸದಲ್ಲ. ಸ್ಪಷ್ಟವಾಗಬೇಕಾದಾಗ ಕಳೆದದ್ದಕ್ಕೆ ‘ಲೊಬಿ ಎಲೆಕಿ’, ಬರುವುದಕ್ಕೆ ‘ಲೊಬಿ ಎಕೊಯಾ’ ಎನ್ನುತ್ತಾರೆ. ಯಂತ್ರವನ್ನು ನಿನ್ನೆ ಯಾರು ಚಾಲೂ ಮಾಡಿದರು, ಯಾವಾಗ ನಿಂತಿತು ಎಂದು ಕೇಳಬೇಕಾದಾಗಲೆಲ್ಲ ಭೂತಕಾಲದ ರೂಪ ಬಾರದೆ ದುಭಾಷಿಯನ್ನು ಹುಡುಕಬೇಕಾಯಿತು. ಹಿಂತಿರುಗಿದ ಮೇಲೆ ಹೆಣ್ಣೂರಿನ ಭಾನುವಾರಗಳು ಮತ್ತೆ ಆರಂಭವಾಗಿವೆ, ಮತ್ತು ನೋಟ್‌ಬುಕ್ಕಿನ ಹೊಸ ಪುಟದ ಮೊದಲ ಸಾಲು ‘ಲೊಬಿ ಎಲೆಕಿ ನಸಾಲಾಕಿ ಮೊಸಾಲಾ’, ನಿನ್ನೆ ನಾನು ಕೆಲಸ ಮಾಡಿದೆ, ಎಂಬುದಾಗಿದೆ.