ಬೆರಳು ಸಿಕ್ಕಿಕೊಂಡರೆ ಸ್ಪ್ಲಿಂಟಾ, ಸೂಜಿಯಾ, ಆಪರೇಷನ್ನಾ?

ಬಳ್ಳಾರಿಯಲ್ಲಿ ಮೂಳೆ ಡಾಕ್ಟರಾಗಿ ಕೂತರೆ ಜೀನ್ಸ್ ಹೊಲಿಯುವವರ ಕೈ ನೋಡುವುದು ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದಾಗ ಉಂಗುರದ ಬೆರಳೋ ಹೆಬ್ಬೆರಳೋ ಮಡಚಿದ್ದು ಮಡಚಿದ ಹಾಗೇ ನಿಂತಿರುತ್ತದೆ. ಇನ್ನೊಂದು ಕೈಯಿಂದ ಎಳೆದರೆ ಟಕ್ ಅಂತ ಬಿಡುತ್ತದೆ. ಇದು ಟ್ರಿಗರ್ ಫಿಂಗರ್.

ಬೆರಳಿನ ಬುಡದಲ್ಲಿ, ಅಂಗೈ ಕಡೆ ಒತ್ತಿ ಹಿಡಿದು ‘ಮಡಚಿ, ಬಿಡಿ’ ಅನ್ನುತ್ತೇನೆ. ಒಳಗೆ ಸಣ್ಣ ಗಂಟು ಸರಿದಾಡುವುದು ಗೊತ್ತಾಗುತ್ತದೆ. ಅದನ್ನು ಅವರೇ ಮುಟ್ಟಿ ನೋಡಬೇಕು. ಗಂಟು ಬಿದ್ದ ದಾರ ಸೂಜಿಕಣ್ಣಲ್ಲಿ ಸಿಕ್ಕಿಕೊಂಡ ಹಾಗೆ, ಊದಿದ ಟೆಂಡನ್ (ಬೆರಳನ್ನು ಮಡಚುವ ಹಗ್ಗದಂಥ ನಾರು) ತನ್ನ ಕೊಳವೆಯ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ ಅಂದರೆ ಟೈಲರ್‌ಗಳಿಗೆ ತಕ್ಷಣ ಅರ್ಥವಾಗುತ್ತದೆ.

ಚಿಕಿತ್ಸೆಯ ಮಾತಿಗೆ ಮೊದಲು ನಾನು ಕೇಳುವುದು: ಎಷ್ಟು ದಿನದಿಂದ ಇದೆ? ಶುಗರ್ ಇದೆಯಾ? ಕೆಲಸ ಯಾವಾಗ ಬಿಡಬಹುದು? ಕೊನೆಯದೇ ಮುಖ್ಯ. ಪೀಸ್ ಲೆಕ್ಕದಲ್ಲಿ ದುಡಿಯುವವರಿಗೆ ಕೈ ನಿಂತರೆ ಸಂಬಳವೂ ನಿಂತ ಹಾಗೆ.

ಹೊಸದಾಗಿ, ಸ್ವಲ್ಪವೇ ಸಿಕ್ಕಿಕೊಳ್ಳುತ್ತಿದ್ದರೆ ಸ್ಪ್ಲಿಂಟ್, ಅಂದರೆ ಬೆರಳು ಮಡಚದಂತೆ ಹಿಡಿದಿಡುವ ಆಸರೆ, ಸಾಕಾಗಬಹುದು. ಆರೇಳು ವಾರ ಬೇಕು. ಹಗಲು ಹಾಕಿಕೊಂಡು ಹೊಲಿಯಲಾಗದು, ಹಾಗಾಗಿ ರಾತ್ರಿಗಾದರೂ ಹಾಕಿಕೊಳ್ಳಿ ಅನ್ನುತ್ತೇನೆ.

ಸ್ಟೆರಾಯ್ಡ್ ಸೂಜಿಯಿಂದ ಅರ್ಧಕ್ಕಿಂತ ಜಾಸ್ತಿ ಜನರಿಗೆ ಆರಾಮಾಗುತ್ತದೆ. ಕೆಲವರಿಗೆ ನಾಲ್ಕೈದು ದಿನ ಸಾಕು, ಕೆಲವರಿಗೆ ವಾರಗಳೇ ಬೇಕು. ಆದರೆ ಮತ್ತೆ ಬರಬಹುದು. ಶುಗರ್ ಇದ್ದವರಲ್ಲಿ ಫಲ ಕಡಿಮೆ, ಜೊತೆಗೆ ಕೆಲವು ದಿನ ಶುಗರ್ ಏರುತ್ತದೆ. ಸೂಜಿ ಹಾಕಿದ ಜಾಗದ ಚರ್ಮ ಬೆಳ್ಳಗಾಗಬಹುದು ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಎರಡು ಸಲಕ್ಕೆ ಬಗ್ಗದಿದ್ದರೆ ಮೂರನೇದಕ್ಕೆ ನನಗೆ ಮನಸ್ಸಿಲ್ಲ.

‘ಸರ್, ಈಗ ಹಬ್ಬದ ಆರ್ಡರ್ ಐತ್ರಿ. ಕೊಯ್ಯೋದು ಬ್ಯಾಡ’ ಅಂದರು ಒಬ್ಬ ಅಮ್ಮ. ಅವರಿಗೆ ಶುಗರ್ ಇತ್ತು. ‘ಸೂಜಿ ಹಾಕೋಣಮ್ಮ, ಒಂದು ವಾರ ಶುಗರ್ ಚೆಕ್ ಮಾಡಿಸ್ತಾ ಇರಿ. ಮತ್ತೆ ಬಂದರೆ ಹಬ್ಬ ಮುಗಿದ ಮೇಲೆ ಆಪರೇಷನ್ ಮಾಡೋಣ’ ಅಂದೆ. ಹಬ್ಬ ಮುಗಿದ ಮೇಲೆ ಮಗಳ ಜೊತೆ ಬಂದು ಆಪರೇಷನ್ ಮಾಡಿಸಿಕೊಂಡರು.

ಅಂಗೈಗೆ ಮಾತ್ರ ಮರಗಟ್ಟಿಸಿ, ಒಂದೆರಡು ಸೆಂಟಿಮೀಟರ್ ಕೊಯ್ದು, ಆ ಕೊಳವೆಯ ಬಾಯಲ್ಲಿ ಬಿಗಿದ ಪಟ್ಟಿಯನ್ನು ಬಿಡಿಸುವುದು, ಅಷ್ಟೇ. ಪೇಷಂಟ್ ಎಚ್ಚರ ಇರುತ್ತಾರಲ್ಲ, ಹೊಲಿಗೆ ಹಾಕುವ ಮೊದಲು ಬೆರಳು ಮಡಚಿಸುತ್ತೇನೆ. ಟಕ್ ಅನ್ನದೆ ಸಲೀಸಾಗಿ ಬಿಚ್ಚಿದ್ದನ್ನು ಆ ಅಮ್ಮ ಮತ್ತೆ ಮತ್ತೆ ಮಾಡಿ ನೋಡಿದರು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರಿಗೆ ಇದು ಪೂರ್ತಿ ವಾಸಿ ಮಾಡುತ್ತದೆ. ಹೊಲಿಗೆ ಬಿಚ್ಚಲು 10–14 ದಿನ. ಅಲ್ಲಿಯವರೆಗೆ ಗಾಯ ನೆನೆಯಬಾರದು. ಅಂಗೈ ನೋವು ಕೆಲವು ವಾರ ಇರಬಹುದು. ಸೋಂಕು, ನರಕ್ಕೆ ಪೆಟ್ಟು ಅಪರೂಪ, ಆದರೂ ಹೇಳದೆ ಸಹಿ ತೆಗೆದುಕೊಳ್ಳುವುದಿಲ್ಲ. ಕೊಯ್ಯದೆ ಸೂಜಿಮೊನೆಯಿಂದಲೇ ಬಿಡಿಸುವ ವಿಧಾನವೂ ಇದೆ. ಹೆಬ್ಬೆರಳಲ್ಲಿ ನರ ತೀರಾ ಹತ್ತಿರ ಇರುವುದರಿಂದ ಅಲ್ಲಿ ನಾನು ಕೊಯ್ದು, ಕಣ್ಣಾರೆ ನೋಡಿಯೇ ಮಾಡುತ್ತೇನೆ.

ಇನ್ನೊಂದು ಕೈಯಿಂದ ಎಳೆದರೂ ಬೆರಳು ಬಿಚ್ಚದಿದ್ದರೆ ಮಾತ್ರ ಹಬ್ಬ, ಆರ್ಡರ್ ಅಂತ ಕಾಯಬೇಡಿ. ಹಾಗೇ ಬಿಟ್ಟರೆ ಕೀಲು ಬಿಗಿಯುತ್ತದೆ, ಆಮೇಲೆ ಆಪರೇಷನ್ ಮಾಡಿದರೂ ಬೆರಳು ನೆಟ್ಟಗಾಗುವುದು ಕಷ್ಟ.