ಕಷ್ಟದ ವಾಕ್ಯಕ್ಕೂ ಪ್ರೂಫ್ ನೋಡಬೇಕು: ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ಓದುವ ಬಗೆ

ದಾವಣಗೆರೆಯಲ್ಲಿ ಹದಿನೆಂಟು ವರ್ಷ ನಡೆಸಿದ ಸಣ್ಣ ಮುದ್ರಣಾಲಯವನ್ನು ಮುಚ್ಚಿ, ಅಚ್ಚೊತ್ತುವ ಟ್ರೆಡಲ್ ಯಂತ್ರವನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕಿದ ವಾರ, ಸ್ನೇಹಿತರೊಬ್ಬರು ವ್ಯಕ್ತಿತ್ವ ವಿಕಸನದ ಪುಸ್ತಕವೊಂದನ್ನು ನನಗೆ ತಂದುಕೊಟ್ಟರು. ಎರಡೇ ರಾತ್ರಿಯಲ್ಲಿ ಅದನ್ನು ಓದಿ ಮುಗಿಸಿದೆ. ಮೂರನೆಯ ದಿನ ಸಾಲದ ಕಂತು ಕೇಳಿ ಫೋನ್ ಬಂದಾಗ ಅದರ ಒಂದು ಸಾಲೂ ನೆನಪಿಗೆ ಬರಲಿಲ್ಲ. ಪುಸ್ತಕ ಚೆನ್ನಾಗಿಯೇ ಇತ್ತು. ಅದನ್ನು ನಾನು ಕಾದಂಬರಿಯಂತೆ ಓದಿದ್ದೆ. ಇಂತಹ ಪುಸ್ತಕಗಳನ್ನು ಪೆನ್ಸಿಲ್ ಹಿಡಿದು, ಪ್ರೂಫ್, ಅಂದರೆ ಕರಡಚ್ಚಿನ ತಪ್ಪು, ತಿದ್ದುವವನ ತಾಳ್ಮೆಯಿಂದ ಓದಬೇಕು ಎಂಬುದು ಆಮೇಲೆ ತಿಳಿಯಿತು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಪುಸ್ತಕದ ಆಯ್ಕೆಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಇಷ್ಟು ದಿನಗಳಲ್ಲಿ ಶ್ರೀಮಂತರಾಗುವಿರಿ ಎಂದು ಭರವಸೆ ಕೊಡುವುದನ್ನು ಪಕ್ಕಕ್ಕಿಡಿ. ಓದುಗನಿಗೆ ಪ್ರಶ್ನೆ ಕೇಳುವ, ಏನಾದರೂ ಬರೆಯಲು ಹೇಳುವ ಪುಸ್ತಕವನ್ನು ಗ್ರಂಥಾಲಯದಿಂದ ತನ್ನಿ. ದಿನಕ್ಕೆ ನಾಲ್ಕೈದು ಪುಟಗಳಿಗಿಂತ ಹೆಚ್ಚು ಓದಬೇಡಿ.

ಓದುವ ಮೊದಲು ನಿಮ್ಮ ಕಷ್ಟವನ್ನು ಒಂದೇ ವಾಕ್ಯದಲ್ಲಿ, ಮನಸ್ಸಿನಲ್ಲಿ ಹೇಗೆ ಕೇಳಿಸುತ್ತದೆಯೋ ಹಾಗೆಯೇ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಸಭ್ಯವಾಗಿ ತಿದ್ದಿ ಬರೆದರೆ ಪ್ರಯೋಜನವಿಲ್ಲ. ನಾನು ಬರೆದದ್ದು ಹೀಗಿತ್ತು: ‘ನಾನು ಪ್ರೆಸ್ಸನ್ನು ಮುಳುಗಿಸಿದೆ, ಇನ್ನು ನನ್ನ ಹತ್ತಿರ ಯಾರೂ ಕೆಲಸ ಮಾಡಿಸಲು ಬರುವುದಿಲ್ಲ, ಈ ವಯಸ್ಸಿನಲ್ಲಿ ಎಲ್ಲ ಮುಗಿಯಿತು.’

ಈಗ ಈ ವಾಕ್ಯವನ್ನು ಕರಡಚ್ಚು ಎಂದು ಭಾವಿಸಿ. ಅದರಲ್ಲಿ ನಿಜವಾಗಿ ನಡೆದದ್ದು ಯಾವುದು, ಅದರ ಮೇಲೆ ನೀವು ಸೇರಿಸಿದ್ದು ಯಾವುದು ಎಂದು ಎರಡು ಬಣ್ಣದ ಶಾಯಿಯಲ್ಲಿ ಗೆರೆ ಎಳೆಯಿರಿ. ನನ್ನ ವಾಕ್ಯದಲ್ಲಿ ಪ್ರೆಸ್ ಮುಚ್ಚಿದ್ದಷ್ಟೇ ನಡೆದ ಸಂಗತಿ. ಉಳಿದದ್ದೆಲ್ಲ ನನ್ನ ಸೇರ್ಪಡೆ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಚಿಕಿತ್ಸೆಯ ಬುಡದಲ್ಲಿರುವುದೂ ಇದೇ ವಿವೇಚನೆ: ಘಟನೆಗೂ ನಮ್ಮ ದುಃಖಕ್ಕೂ ನಡುವೆ, ತಾನಾಗಿಯೇ ಹುಟ್ಟಿಕೊಳ್ಳುವ ಒಂದು ಆಲೋಚನೆ ಇರುತ್ತದೆ, ಅದನ್ನು ಹಿಡಿದು ನಿಲ್ಲಿಸಿ ಸಾಕ್ಷ್ಯ ಕೇಳಬಹುದು. ‘ಯಾರೂ’, ‘ಎಲ್ಲ’, ‘ಯಾವಾಗಲೂ’ ಎಂಬ ಪದಗಳು ಕಂಡಲ್ಲೆಲ್ಲ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ.

ಮುದ್ರಣಾಲಯದಲ್ಲಿ ಪ್ರೂಫನ್ನು ಒಬ್ಬರೇ ನೋಡುತ್ತಿರಲಿಲ್ಲ. ಒಬ್ಬರು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಿದರೆ ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಡುತ್ತಿದ್ದರು, ಏಕೆಂದರೆ ತಾನೇ ಜೋಡಿಸಿದ ಅಚ್ಚುಮೊಳೆಯ ತಪ್ಪು ತನಗೆ ಕಾಣುವುದಿಲ್ಲ. ಆದ್ದರಿಂದ ನಂಬಿಕೆಯವರೊಬ್ಬರಿಂದ ನಿಮ್ಮ ವಾಕ್ಯವನ್ನು ಓದಿಸಿ. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಓದಿ, ‘ಏನ್ರೀ, ಯಾರೂ ಬರಲ್ಲ ಅಂತ ಬರ್ದೀರಿ, ಮೊನ್ನೆ ಲಗ್ನಪತ್ರಿಕೆ ಮಾಡಿಸಬೇಕು ಅಂತ ಹುಡುಕ್ಕೊಂಡು ಬಂದಿದ್ರಲ್ಲ, ಅವರು ಯಾರು?’ ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ‘ಯಾರೂ’ ಎಂಬುದನ್ನು ಹೊಡೆದು ‘ಕಡಿಮೆ ಜನ’ ಎಂದು ಬರೆದೆ. ಎಷ್ಟು ಸಣ್ಣ ತಿದ್ದುಪಡಿ! ಆದರೆ ಆ ಕಡಿಮೆ ಜನ ಯಾರು ಯಾರು ಎಂದು ಪಟ್ಟಿ ಮಾಡಲು ಅದರಿಂದಲೇ ಸಾಧ್ಯವಾಯಿತು.

ತಿದ್ದಲು ಬಹಳ ಕಷ್ಟವಾಗುವುದು ಮುಂದಾಗುವುದನ್ನು ಆಗಿಹೋದ ಸಂಗತಿಯಂತೆ ಬರೆದ ವಾಕ್ಯವನ್ನು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಎರಡು ತಲೆಮಾರು ಕಳೆದರೂ ಅದು ಮತ್ತೆ ತುಂಬಲಿಲ್ಲ. ‘ಇನ್ನು ಅದು ತುಂಬುವುದಿಲ್ಲ’ ಎನ್ನುವ ಮಾತು ನಮ್ಮ ಕಡೆ ಅನುಭವದ ಮಾತಿನಂತೆಯೇ ಕೇಳಿಸುತ್ತಿತ್ತು. 2022ರಲ್ಲಿ, ಒಳ್ಳೆಯ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಕಾಲುವೆಯಲ್ಲಿ ಬಂದ ನೀರೂ ಸೇರಿ, 89 ವರ್ಷಗಳ ನಂತರ ಜಲಾಶಯ ಕೋಡಿ ಬಿತ್ತು. ‘ಇದುವರೆಗೆ ತುಂಬಿಲ್ಲ’ ಎಂಬುದು ಸಂಗತಿ, ‘ತುಂಬುವುದಿಲ್ಲ’ ಎಂಬುದು ಭವಿಷ್ಯವಾಣಿ. ನಿಮ್ಮ ವಾಕ್ಯದಲ್ಲಿಯೂ ಕ್ರಿಯಾಪದದ ಕಾಲವನ್ನು ಹೀಗೆಯೇ ಪರೀಕ್ಷಿಸಿ. ಕಾಯುವುದರಿಂದಷ್ಟೇ ಆ ಕೆರೆ ತುಂಬಲಿಲ್ಲ, ಕಾಲುವೆಯನ್ನೂ ತೋಡಬೇಕಾಯಿತು. ಹಾಗಾಗಿ ತಿದ್ದಿದ ವಾಕ್ಯದ ಕೆಳಗೆ ಈ ವಾರ ಮಾಡಬಹುದಾದ ಒಂದು ಕೆಲಸವನ್ನು ಬರೆಯಿರಿ. ನಾನು ಬರೆದದ್ದು, ಹಳೆಯ ಗ್ರಾಹಕರಲ್ಲಿ ಮೂವರಿಗೆ ಫೋನ್ ಮಾಡಬೇಕು ಎಂದು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಮನಸ್ಸು ಗಟ್ಟಿಯಿದ್ದರೆ ಎಲ್ಲವೂ ಸಾಧ್ಯ ಎಂದು ಕೆಲವು ಪುಸ್ತಕಗಳು ಬರೆಯುತ್ತವೆ. ನಮ್ಮ ಊರಿನ ಹತ್ತಿ ಗಿರಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡವರಲ್ಲಿ ಆತ್ಮವಿಶ್ವಾಸದ ಕೊರತೆಯಿರಲಿಲ್ಲ. ಮೆಕ್ಕೆಜೋಳದ ಬೆಲೆ ಕುಸಿಯುವುದು ಜಗಳೂರಿನ ರೈತನ ನಕಾರಾತ್ಮಕ ಚಿಂತನೆಯಿಂದಲ್ಲ. ನೋಟವನ್ನು ಬದಲಿಸುವುದೆಂದರೆ ಅನ್ಯಾಯವನ್ನು ಒಳ್ಳೆಯದೆಂದು ಕರೆಯುವುದಾಗಲಿ, ಹೊರಗಿನ ತಪ್ಪನ್ನೆಲ್ಲ ತಲೆಯ ಮೇಲೆ ಹೊತ್ತುಕೊಳ್ಳುವುದಾಗಲಿ ಆಗಬಾರದು. ಇನ್ನು, ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟಿದ್ದರೆ, ಅಥವಾ ಬದುಕುವುದೇ ಬೇಡವೆನಿಸಿದರೆ ಪುಸ್ತಕವನ್ನು ಮುಚ್ಚಿಟ್ಟು ವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಬರೆದ ಪುಟಕ್ಕೆ ದಿನಾಂಕ ಹಾಕಿಡಿ, ತಿಂಗಳಿಗೊಮ್ಮೆ ತೆರೆದು ಮತ್ತೆ ಪ್ರೂಫ್ ನೋಡಿ. ನನ್ನ ಪುಟದಲ್ಲಿ ಮೂರನೆಯ ಓದಿಗೂ ಒಂದು ತಪ್ಪು ಉಳಿದಿತ್ತು. ‘ನಾನು ಪ್ರೆಸ್ಸನ್ನು ಮುಳುಗಿಸಿದೆ’ ಎಂಬಲ್ಲಿ, ಅಕ್ಷರ ಜೋಡಣೆಯ ಕೆಲಸವೆಲ್ಲ ಕಂಪ್ಯೂಟರಿಗೆ ಹೋದದ್ದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕೆಂಪು ಶಾಯಿಯಲ್ಲಿ ‘ಮುಳುಗಿಸಿದೆ’ ಎಂಬುದನ್ನು ಹೊಡೆದು, ಮೇಲೆ ‘ಪ್ರೆಸ್ ಮುಚ್ಚಿತು’ ಎಂದು ಬರೆದೆ.